ರೊಟ್ಟಿ ಬಡಿಯುವ ತೋಳು

ನಮ್ಮ ಖಾನಾವಳಿಗೆ ಬಂದವರು ರೊಟ್ಟಿಯ ರುಚಿ ನೋಡುವ ಮೊದಲು ಅದರ ಸಪ್ಪಳ ಕೇಳುತ್ತಾರೆ. ಗದಗ ಬಸ್ ನಿಲ್ದಾಣದಿಂದ ಬೆಟಗೇರಿ ಕಡೆ ಹೊರಟರೆ ರಸ್ತೆಗೆ ಹತ್ತಿಕೊಂಡೇ ನಮ್ಮ ಜಾಗ. ಮುಂದೆ ಉಣ್ಣುವವರ ಬೆಂಚು, ಹಿಂದೆ ಅಡುಗೆಮನೆ, ಅದರಾಚೆ ನಾವು ಇರುವ ಎರಡು ಕೋಣೆ. ಉಣ್ಣುವವರಿಗೂ ಒಲೆಗೂ ನಡುವೆ ಎದೆಮಟ್ಟದ ಗೋಡೆಯಷ್ಟೇ. ಆ ಗೋಡೆಯ ಹಿಂದೆ ನನ್ನ ಅತ್ತೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಅಡರಕಟ್ಟಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಆ ಸಪ್ಪಳಕ್ಕೆ ನನ್ನ ತಲೆ ಸಿಡಿಯುತ್ತಿತ್ತು. ಆಮೇಲೆ ಅದು ಕೇಳದಿದ್ದರೆ ಮನೆಯಲ್ಲಿ ಏನೋ ಕೆಟ್ಟಿದೆ ಎನ್ನಿಸತೊಡಗಿತು.

ಅತ್ತೆಯ ಕೈಯ ರೊಟ್ಟಿಯೇ ಬೇರೆ. ಕುದಿಯುವ ಎಸರಿಗೆ ಹಿಟ್ಟು ಹಾಕಿ, ನಾದಿ, ಉಂಡೆ ಮಾಡಿ, ಮಣೆಯ ಮೇಲಿಟ್ಟು ಬಡಿಯಲು ಕುಳಿತರೆ ಅಂಚು ಎಲ್ಲಿಯೂ ಸೀಳುತ್ತಿರಲಿಲ್ಲ. ಅದೇ ಹಿಟ್ಟು, ಅದೇ ಮಣೆ, ನಾನು ಬಡಿದರೆ ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ತೆಳು. "ನಿನ್ನ ಸಿಟ್ಟೆಲ್ಲಾ ಒಂದ ಕಡಿಗೇ ಬೀಳತೈತಿ ನೋಡು" ಎಂದು ಅತ್ತೆ ನಗುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ನಮ್ಮ ಕಡೆ ಒಂದು ರೀತಿಯಿದೆ. ಒಬ್ಬರ ಕೈಯ ಊಟ ದಿನಾ ಉಂಡವನು ಅವರು ಹೇಳಿದ ಸಣ್ಣ ಕೆಲಸಕ್ಕೆ ಇಲ್ಲ ಎನ್ನುವುದಿಲ್ಲ. ಊಟಕ್ಕೆ ಬಿಲ್ಲು ಕೊಟ್ಟಿರಲಿ, ಆ ಮಾತು ಬೇರೆ. ನಮ್ಮಲ್ಲಿ ಉಣ್ಣುವವರೆಲ್ಲ ಅತ್ತೆಯನ್ನು ಅವ್ವ ಎಂದೇ ಕರೆಯುತ್ತಿದ್ದರು, ಅತ್ತೆಯೂ ಅವರಿಗೆ ಮಕ್ಕಳಿಗೆ ಹೇಳಿದಂತೆ ಕೆಲಸ ಹೇಳುತ್ತಿದ್ದರು. ಮುಂಡರಗಿ ಬಸ್ಸಿನ ಕಂಡಕ್ಟರ್ ಎಳೆಯ ಬದನೆಕಾಯಿ ತರುತ್ತಿದ್ದ. ಲಕ್ಷ್ಮೇಶ್ವರದಿಂದ ಬಟ್ಟೆ ವ್ಯಾಪಾರಕ್ಕೆ ಬರುವವರೊಬ್ಬರು ಅತ್ತೆಯ ಕುಪ್ಪಸದ ಅರಿವೆ ಆರಿಸಿ ತರುತ್ತಿದ್ದರು. ಶಿರಹಟ್ಟಿ ಕಡೆಯ ಮಾಸ್ತರರೊಬ್ಬರು ಹೊಸ ಹುಣಸೆಹಣ್ಣು ಬಂತೆಂದರೆ ಮೊದಲ ಗಂಟು ನಮಗೇ ಮುಟ್ಟಿಸುತ್ತಿದ್ದರು. "ಬರೂವಾಗ ತಗೊಂಡ ಬಾ ತಮ್ಮಾ" ಎನ್ನುವ ಒಂದು ಮಾತಿನಲ್ಲಿ ನಮ್ಮ ಅರ್ಧ ಸಂತೆ ಮುಗಿಯುತ್ತಿತ್ತು.

ಒಂದು ಮಳೆಗಾಲ ಅತ್ತೆ ಹಿತ್ತಿಲ ಬಚ್ಚಲಕಲ್ಲಿನ ಮೇಲೆ ಜಾರಿ ಬಿದ್ದರು. ಬಲಭುಜದ ಎಲುಬು ಸೀಳಿತ್ತು. ದವಾಖಾನೆಯಲ್ಲಿ ತೋಳನ್ನು ಕೊರಳಿಗೆ ಜೋಲಿ ಕಟ್ಟಿ ಕಳಿಸಿದರು. ನೋವಿಗೆ ಒಂದು ಕ್ಯಾಪ್ಸುಲ್ ಬರೆದು, ಇದು ಸ್ವಲ್ಪ ದಿನಕ್ಕೆ ಮಾತ್ರ, ಜೋಲಿ ಬಿಚ್ಚಿದ ಮೇಲೆ ಕೈಗೆ ವ್ಯಾಯಾಮ ಮಾಡಿಸಲು ಕರೆದುಕೊಂಡು ಬನ್ನಿ ಎಂದರು. ಎಲುಬೇನೋ ಕೂಡಿಕೊಂಡಿತು. ಜೋಲಿ ಬಿಚ್ಚಿದ ಮರುದಿನವೇ ಅತ್ತೆ ಮಣೆಯ ಮುಂದೆ ಕುಳಿತರು. ವ್ಯಾಯಾಮದ ಮಾತು ತೆಗೆದರೆ, "ರೊಟ್ಟಿ ಬಡಿಯೂದಕ್ಕಿಂತ ದೊಡ್ಡ ಕಸರತ್ತ ಯಾವುದೈತಿ, ಹೋಗ" ಎಂದು ನನ್ನ ಬಾಯಿ ಮುಚ್ಚಿಸಿದರು. ಉಣ್ಣುವವರು ಸಪ್ಪಳ ಕೇಳಿ ಖುಷಿಪಟ್ಟರು.

ಆ ವರ್ಷ ಅತ್ತೆ ಸ್ವಲ್ಪ ಸ್ವಲ್ಪವೇ ಬೇರೆಯಾದರು. ಊಟ ಸೇರುತ್ತಿರಲಿಲ್ಲ, ಹೊಟ್ಟೆ ಕಟ್ಟುತ್ತಿತ್ತು. ಮಾತಿಗೆ ಮಾತು ಕೊಡುತ್ತಿದ್ದ ಹೆಂಗಸು ಮಾತಿನ ನಡುವೆಯೇ ಕಣ್ಣು ಮುಚ್ಚುತ್ತಿದ್ದರು. ಬೆಳಿಗ್ಗೆ ಎದ್ದರೆ ಮುಖ ಸಿಂಡರಿಸಿಕೊಂಡು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ, ಸ್ವಲ್ಪ ಹೊತ್ತು ಒಳಕೋಣೆಗೆ ಹೋಗಿ ಬಂದರೆ ಮತ್ತೆ ಸಮಾಧಾನ. ವಯಸ್ಸಾಯಿತು ಎಂದುಕೊಂಡೆವು. ಮನೆಯಲ್ಲಿ ಹಿರಿಯರಿಗೆ ಏನೇ ಆಗಲಿ, ವಯಸ್ಸಾಯಿತು ಎನ್ನುವ ಒಂದು ಮಾತು ನಮಗೆ ಸಿದ್ಧವಾಗಿ ಸಿಗುತ್ತದೆ.

ಒಂದು ಮಧ್ಯಾಹ್ನ ನಾನು ಎಣಗಾಯಿ ಪಲ್ಯ ಬಡಿಸಿ ಒಳಗೆ ಬಂದೆ. ರೊಟ್ಟಿ ಸುಟ್ಟ ವಾಸನೆ. ಅತ್ತೆ ಒಲೆಯ ಮುಂದೆ ಕುಳಿತಲ್ಲೇ ತೂಕಡಿಸುತ್ತಿದ್ದರು, ಬಲಗೈಯ ಬೆರಳು ಹಂಚಿನ ಅಂಚಿಗೆ ತಾಗಿತ್ತು. ನಾನು ಕೈ ಹಿಡಿದು ಎಳೆದಾಗ ಬೆರಳಲ್ಲಿ ಬೊಕ್ಕೆ ಎದ್ದಿತ್ತು. ಅವರು ನನ್ನತ್ತ ನೋಡಿ, "ಏನಾತು? ಯಾಕ ಎಳದಿ?" ಎಂದರು. ಬೆರಳು ಸುಟ್ಟಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ನಾನು ಅವರನ್ನು ಒಳಗೆ ಮಲಗಿಸಿ, ಬೆರಳಿಗೆ ತಣ್ಣೀರು ಹಾಕಿ ಹೊರಗೆ ಬಂದೆ. ಗೋಡೆಯಾಚೆಯಿಂದ ಕಂಡಕ್ಟರ್ ಕತ್ತು ಚಾಚಿ ಕೇಳಿದ.

"ವೈನಿ, ಅವ್ವಾರಿಗೆ ಏನಾಗೇತ್ರಿ?"

"ಆರಾಮಿಲ್ಲ. ಮಲಗ್ಯಾರ."

ಅವನು ಅಂಗಿಯ ಕಿಸೆಯಿಂದ ಕ್ಯಾಪ್ಸುಲ್ಲಿನ ಒಂದು ಸ್ಟ್ರಿಪ್ ತೆಗೆದು ಗೋಡೆಯ ಮೇಲಿಟ್ಟ. "ಹಂಗಾರ ಇದನ್ನ ಜಲ್ದಿ ಕೊಡ್ರಿ. ಮುಂಡರಗ್ಯಾಗ ತರಾಕ ಹೇಳಿದ್ರು."

ಪಕ್ಕದಲ್ಲಿ ಉಣ್ಣುತ್ತಿದ್ದ ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿ ತುತ್ತು ಕೈಯಲ್ಲೇ ಹಿಡಿದು ಅದನ್ನು ನೋಡಿದರು. ಆಮೇಲೆ ಎಡಗೈಯಿಂದ ತಮ್ಮ ಚೀಲ ತಡಕಾಡಿ ಇನ್ನೊಂದು ತೆಗೆದರು. ಅದೇ ಬಣ್ಣ, ಅದೇ ಕ್ಯಾಪ್ಸುಲ್. "ನಾನೂ ತಂದೇನಲ್ರೀ. ನನಗ ಮಾತ್ರ ಹೇಳ್ಯಾರ ಅಂತ ತಿಳಕೊಂಡಿದ್ದೆ."

ಬೆಂಚಿನ ಕೊನೆಯಲ್ಲಿದ್ದ ಶಿರಹಟ್ಟಿ ಮಾಸ್ತರರು ಮುಖ ಕೆಂಪಗೆ ಮಾಡಿಕೊಂಡು ಕೈ ತೊಳೆಯಲು ಎದ್ದವರು, ಹೋಗುವಾಗ ಮೂರನೆಯದನ್ನು ಅವೆರಡರ ಪಕ್ಕದಲ್ಲಿಟ್ಟು ಹೋದರು. ನಾನು ಗೋಡೆಯ ಮೇಲೆ ಸಾಲಾಗಿ ಬಿದ್ದಿದ್ದ ಮೂರೂರಿನ ಗುಳಿಗೆಗಳನ್ನು ನೋಡುತ್ತ ನಿಂತೆ.

ಕೇಳಿದರೆ ಒಬ್ಬೊಬ್ಬರದೂ ಒಂದೇ ಕಥೆ. ಅತ್ತೆ ಖಾಲಿ ಸ್ಟ್ರಿಪ್ಪಿನ ತುಂಡು ಕೊಟ್ಟು, ಇಂಥದ್ದು ತಗೊಂಡ ಬಾ ಎಂದಿದ್ದರು. ಅವರವರ ಊರಿನ ಔಷಧದಂಗಡಿಯಲ್ಲಿ ಇವರಿಗೆ ಪರಿಚಯ. ಮುದುಕಿಯ ಕೈನೋವಿಗೆ ಎಂದರೆ ವೈದ್ಯರ ಚೀಟಿ ಕೇಳದೆ ಕೊಟ್ಟಿದ್ದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಬದನೆಕಾಯಿ ತಂದ ಹಾಗೆಯೇ ಇದನ್ನೂ ತಂದಿದ್ದರು. ಆ ಹೊತ್ತಿನಲ್ಲಿ ನನಗೆ ಅದೆಲ್ಲ ತೋಚಲಿಲ್ಲ. "ಊಟಾ ಮುಗೀತಲ್ಲ, ಏಳ್ರಿ ಎಲ್ಲಾರೂ" ಎಂದು ಗದರಿಸಿ ಬಾಗಿಲು ಹಾಕಿದೆ.

ನಮ್ಮ ಮನೆಯವರು ಪೇಟೆಯಿಂದ ಬಂದು ಸಂಗತಿ ಕೇಳಿದ್ದೇ ತಡ, ಒಳಕೋಣೆಗೆ ನುಗ್ಗಿ ಅತ್ತೆಯ ಟ್ರಂಕು, ಹಾಸಿಗೆ, ದಿಂಬಿನ ಚೀಲ ಎಲ್ಲ ಝಾಡಿಸಿದರು. ಸಿಕ್ಕಿದ ಗುಳಿಗೆಗಳನ್ನೆಲ್ಲ ಬಚ್ಚಲಿಗೆ ಹಾಕಿ ನೀರು ಸುರಿದರು. ಅತ್ತೆ ಗೋಡೆಗೆ ಒರಗಿ ಕುಳಿತು ಎಡಗೈಯಿಂದ ಬಲಭುಜ ಹಿಡಿದುಕೊಂಡಿದ್ದರು.

"ನೂಸತೈತಿ ತಮ್ಮಾ, ನೋವು ತಡಕೊಳ್ಳಾಕ ಆಗಂಗಿಲ್ಲ. ಅದಕ್ಕ ತಗೋತಿದ್ದೆ."

"ಎಲುಬು ಕೂಡಿ ವರ್ಷ ಆಗಾಕ ಬಂತು. ಇನ್ನೆಲ್ಲೀದು ಬ್ಯಾನಿ? ಇದು ಚಟ ಬೇ. ಬ್ಯಾನಿ ಅನ್ನೂದು ನಾಟಕ."

ತಾಯಿಯ ಎದುರು ದನಿ ಎತ್ತದ ಮನುಷ್ಯ ಅವತ್ತು ಹಾಗೆಂದರು. ಹೆದರಿದ ಗಂಡಸರು ಬೈಯುತ್ತಾರೆ, ಅದು ನನಗೆ ಗೊತ್ತು. ಅತ್ತೆ ಭುಜ ಹಿಡಿದಿದ್ದ ಎಡಗೈಯನ್ನು ಮೆಲ್ಲಗೆ ಕೆಳಗಿಳಿಸಿ ಮಡಿಲಲ್ಲಿ ಇಟ್ಟುಕೊಂಡರು. ಗುಳಿಗೆ ಹೋಯಿತಲ್ಲ ಎನ್ನುವ ದುಃಖಕ್ಕಿಂತ, ಇನ್ನು ಮೇಲೆ ನೋವು ಎಂದು ಹೇಳುವ ಹಾಗಿಲ್ಲ ಎನ್ನುವುದು ಆ ಮುಖದಲ್ಲಿತ್ತು. ನನಗೆ ನಮ್ಮ ಮನೆಯವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅತ್ತೆ ಮೇಲಿಂದ ಮೇಲೆ ಆಕಳಿಸತೊಡಗಿದರು. ಮೂಗು ಸೋರಿತು. ಮಧ್ಯಾಹ್ನದ ಹೊತ್ತಿಗೆ ಸೀರೆ ತೊಯ್ಯುವಷ್ಟು ಬೆವರು, ಅದರ ಜೊತೆಗೆ ಚಳಿ. ಮೈಮೇಲಿನ ಕೂದಲು ನಿಮಿರಿ ನಿಂತಿತ್ತು. ಕಾಲು ಒಂದು ಕಡೆ ಇಡಲು ಆಗದೆ ಹಾಸಿಗೆಯ ಮೇಲೆ ತಿಕ್ಕಾಡಿದರು, ಹೊಟ್ಟೆ ಹಿಡಿದುಕೊಂಡು ಮತ್ತೆ ಮತ್ತೆ ಬಚ್ಚಲಿಗೆ ಓಡಿದರು. "ಇದೂ ನಾಟಕ ಏನ್ರಿ?" ಎಂದು ನಾನು ಕೇಳಿದೆ. ನಮ್ಮ ಮನೆಯವರು ಆಟೋ ತರಲು ಹೋದರು.

ದವಾಖಾನೆಯಲ್ಲಿ ನೋಡಿದ ಡಾಕ್ಟರ್ ಬಾಯಿಯವರು ಸಣ್ಣ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯ ಮಾತಿನವರೇ. ನಾನು ಗೋಡೆಯ ಮೇಲಿಂದ ಎತ್ತಿಟ್ಟಿದ್ದ ಆ ಮೂರು ಸ್ಟ್ರಿಪ್ ತೋರಿಸಿದೆ. ಅವರು ಅದನ್ನು ನೋಡಿ, ಅತ್ತೆಯ ಮಂಚದ ಮೇಲೆಯೇ ಕುಳಿತು ಸಾವಕಾಶವಾಗಿ ವಿಷಯ ಕೇಳಿದರು. ನಮ್ಮ ಮನೆಯವರು ನಿಂತಲ್ಲಿಂದಲೇ ಹೇಳಿದರು.

"ನಾ ಎಲ್ಲಾ ಒಗದ ಬಿಟ್ಟೇನ್ರಿ. ಇನ್ನ ಒಂದೂ ಕೊಡಂಗಿಲ್ಲ."

"ಅದ ತಪ್ಪಾತು ನೋಡ್ರಿ" ಎಂದರು ಡಾಕ್ಟರ್. "ಇದು ಅಫೀಮಿನ ಜಾತಿಗೆ ಸೇರಿದ ಔಷಧ. ಇಷ್ಟ ತಿಂಗಳು ದಿನಾ ತಗೊಂಡ ಮೈ ಅದಕ್ಕ ಒಗ್ಗಿರತೈತಿ. ಒಮ್ಮೆಲೆ ನಿಲ್ಲಿಸಿದ್ರ ಮೈ ಹಿಂಗ ಒದ್ದಾಡತೈತಿ. ಮೆಲ್ಲಕ ಇಳಸಬೇಕು, ನಾವು ಹೇಳಿದಂಗ."

"ಮತ್ತ ಅದನ್ನ ಕೊಡಬೇಕಂತೀರಿ? ಚಟ ಬಿಡಸಾಕ ಬಂದ್ರ ಗುಳಿಗೀನ ಬರದ ಕೊಡ್ತೀರಿ?"

"ಚಟ ಐತಿ, ಖರೆ. ಬ್ಯಾನಿ ಐತಿ, ಅದೂ ಖರೆ. ಎರಡೂ ಕೂಡೇ ಇರತಾವ. ಒಂದು ಐತಿ ಅಂತ ಇನ್ನೊಂದು ಸುಳ್ಳಾಗಂಗಿಲ್ಲ." ಹೀಗೆ ಹೇಳಿ ಅತ್ತೆಯ ತೋಳನ್ನು ಮೆಲ್ಲಗೆ ಮೇಲೆತ್ತಿದರು. ಅರ್ಧಕ್ಕೇ ತೋಳು ಬಿಗಿದು ನಿಂತಿತು, ಅತ್ತೆ ತುಟಿ ಕಚ್ಚಿದರು. "ನೋಡ್ರಿ, ಕೀಲು ಹಿಡಕೊಂಡ ಬಿಟ್ಟೈತಿ. ಇಂಥಾ ತೋಳಿನಾಗ ಈ ತಾಯಿ ರೊಟ್ಟಿ ಬಡದಾರ. ಗುಳಿಗಿ ನುಂಗಲಾರದ ಹೆಂಗ ಬಡೀಬೇಕಾಗಿತ್ತು?"

ಅವತ್ತು ಡಾಕ್ಟರ್ ಹೇಳಿದ್ದು ನನಗೆ ಈಗಲೂ ನೆನಪಿದೆ. ನೋವಿಗೆ ಔಷಧ ಕೊಡಬಾರದು ಎನ್ನುವವರೂ ತಪ್ಪು, ನೋವು ಎಂದವರಿಗೆಲ್ಲ ಇದನ್ನು ಕೈಗೆ ಕೊಟ್ಟು ಕಳಿಸುವವರೂ ತಪ್ಪು. ಕೊಟ್ಟ ಮೇಲೆ ಮತ್ತೆ ಕರೆದು ನೋಡುವುದು ಮುಖ್ಯ ಎಂದರು. ಕೆಲವು ರೋಗದಲ್ಲಿ ಇದೇ ಜಾತಿಯ ಔಷಧ ಕೊಡದಿದ್ದರೆ ಅದೇ ಅನ್ಯಾಯ, ಆದರೆ ಈ ಭುಜಕ್ಕೆ ಬೇಕಾದದ್ದು ಬೇರೆ ಚಿಕಿತ್ಸೆ ಎಂದರು. ಅಷ್ಟು ಹೇಳಿ ಅತ್ತೆಯತ್ತ ತಿರುಗಿದರು.

"ಅವ್ವಾರ, ಸೊನ್ನಿಯಿಂದ ಹತ್ತರೊಳಗ ನಿಮ್ಮ ಬ್ಯಾನಿ ಎಷ್ಟೈತಿ ಹೇಳ್ರಿ."

ಅತ್ತೆಗೆ ಅದು ಬಗೆಹರಿಯಲಿಲ್ಲ. "ಬ್ಯಾನೀನ ತೂಗಾಕ ಬರತೈತೇನವಾ?" ಎಂದರು.

ಡಾಕ್ಟರ್ ನಕ್ಕರು. "ಆತು ಬಿಡ್ರಿ. ತುರುಬ ನೀವ ಕಟಕೋತೀರೇನು?"

ಅತ್ತೆ ತಲೆ ತಗ್ಗಿಸಿದರು. ಬಿದ್ದಾಗಿನಿಂದ ಅವರ ತುರುಬು ಕಟ್ಟುತ್ತಿದ್ದವಳು ನಾನೇ. ಕೈ ಹಿಂದಕ್ಕೆ ಹೋಗುವುದಿಲ್ಲ ಎಂದು ಅವರು ಒಮ್ಮೆಯೂ ಹೇಳಿರಲಿಲ್ಲ. "ನೀ ಚಂದ ಕಟ್ಟತಿ" ಎಂದು ಹೊಗಳಿ ತಲೆ ಕೊಡುತ್ತಿದ್ದರು. "ಹಂಗಾರ ನಮ್ಮ ಲೆಕ್ಕ ಇದ" ಎಂದರು ಡಾಕ್ಟರ್. "ತುರುಬ ನೀವ ಕಟಕೊಳ್ಳಾಕ ಬಂದ ದಿನ ನನಗ ಬಂದ ತೋರಸಬೇಕು."

ಗುಳಿಗೆ ಇಳಿಸುವ ಕ್ರಮವನ್ನು ವಿವರಿಸಿ, ಅದು ಅತ್ತೆಯ ಕೈಯಲ್ಲಿ ಇರಬಾರದು, ಮನೆಯವರೊಬ್ಬರು ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡಬೇಕು ಎಂದರು. ನಮ್ಮ ಮನೆಯವರು ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿಕೊಂಡರು. ಬೆಳಿಗ್ಗೆ ಅತ್ತೆ ಕಪಾಟಿನ ಹತ್ತಿರ ಬಂದು ನಿಲ್ಲಬೇಕು, ಇವರು ಕೀಲಿ ತೆಗೆದು ಒಂದನ್ನು ಕೈಗೆ ಹಾಕಬೇಕು. ಮೊದಲ ದಿನವೇ ಅತ್ತೆ ಬರಲಿಲ್ಲ. ಬೆವರುತ್ತ, ನಡುಗುತ್ತ ಮೂಲೆಯಲ್ಲಿ ಕುಳಿತರೇ ಹೊರತು ಏಳಲಿಲ್ಲ.

"ಅತ್ತಿ, ಯಾಕ್ರಿ ಹಿಂಗ ಹಟಾ? ಹೊತ್ತಾತು, ತಗೋರಿ."

"ಊರ ಮಂದಿಗೆಲ್ಲಾ ನೀಡಿದ ಕೈ ಇದು. ಮಗನ ಮುಂದ ಕೈ ಒಡ್ಡಿ ನಿಂದರಾಕ ನನ್ನಿಂದ ಆಗಂಗಿಲ್ಲ. ಸತ್ತರ ಸಾಯ್ತೀನಿ."

ಆ ಮಾತಿಗೆ ನನಗೆ ಅಳು ಬಂತು, ಸಿಟ್ಟೂ ಬಂತು. ಒಳಗೆ ಹೋಗಿ ನಮ್ಮ ಮನೆಯವರಿಂದ ಕೀಲಿ ಕಿತ್ತುಕೊಂಡೆ. ಖಾನಾವಳಿಯಲ್ಲಿ ಅಡುಗೆ ಮಾಡುವವರು ಎಲ್ಲರದೂ ಆದ ಮೇಲೆ ಉಣ್ಣುವುದು. ಅದೂ ಒಲೆಯ ಮುಂದೆ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಳಿದದ್ದನ್ನು. ಅಷ್ಟು ವರ್ಷ ಅತ್ತೆಯನ್ನು ಬೆಂಚಿಗೆ ಕೂರಿಸಿ ಬಡಿಸಿದವರೇ ಇರಲಿಲ್ಲ. ನಾನು ಅವರ ಕೈ ಹಿಡಿದು ಎಬ್ಬಿಸಿ, ಹೊರಗೆ ಕಂಡಕ್ಟರ್ ಕೂಡುವ ಜಾಗದಲ್ಲಿ ಕೂರಿಸಿದೆ. ತಟ್ಟೆ ಇಟ್ಟೆ. ರೊಟ್ಟಿ, ಝುಣಕ, ಮೊಸರು ಬಡಿಸಿದೆ. ಶೇಂಗಾ ಚಟ್ನಿ ಬಡಿಸುವ ಜಾಗದಲ್ಲಿ ಒಂದು ಸಣ್ಣ ಬಟ್ಟಲಿಟ್ಟು, ಅದರಲ್ಲಿ ಆ ಹೊತ್ತಿನ ಗುಳಿಗೆ ಹಾಕಿದೆ.

"ಕೇಳೂದೇನೂ ಬ್ಯಾಡ್ರಿ" ಎಂದೆ. "ನಾ ನೀಡ್ತೀನಿ, ನೀವು ಉಣ್ರಿ."

ಅತ್ತೆ ಬಟ್ಟಲನ್ನೂ ನನ್ನನ್ನೂ ನೋಡಿದರು. "ರೊಟ್ಟಿ ಒಂದ ಕಡಿ ದಪ್ಪ ಆಗೇತಿ" ಎಂದರು. ಆಮೇಲೆ ತಿಂದರು. ಅಂದಿನಿಂದ ಖಾನಾವಳಿಯ ಮೊದಲ ತಟ್ಟೆ ಅತ್ತೆಯದಾಯಿತು.

ಇಷ್ಟರಿಂದ ಎಲ್ಲ ಸುಸೂತ್ರವಾಯಿತು ಎಂದರೆ ನಾನು ಸುಳ್ಳುಬುರುಕಿ. ತೋಳಿಗೆ ವಿಶ್ರಾಂತಿ ಬೇಕಿತ್ತು, ಆದರೆ ಮಧ್ಯಾಹ್ನಕ್ಕೆ ರೊಟ್ಟಿಯೂ ಬೇಕಿತ್ತು. ನಾನೊಬ್ಬಳೇ ಬಡಿದು ಪೂರೈಸುವುದು ಆಗದ ಮಾತು. ನಮ್ಮ ಮನೆಯವರು ರೊಟ್ಟಿ ಒತ್ತುವ ಮಷೀನು ತಂದರು. ಅದು ಬಂದ ದಿನ ಅತ್ತೆ ಒಳಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ತಳ್ಳಿಕೊಂಡು ಒಳಗೆ ಹೋದೆ.

"ಈಗೇನಾತ್ರಿ?"

"ಅದು ಬಂತಲ್ಲ. ಇನ್ನ ನಾ ಎದಕ ಬೇಕು? ಅದಕ್ಕ ಬ್ಯಾನಿ ಇಲ್ಲ, ಗುಳಿಗಿ ಬ್ಯಾಡ." ಹೀಗೆಂದು ಬಲಗೈಯ ಬೆರಳುಗಳನ್ನು ಎಡಗೈಯಿಂದ ಸವರಿಕೊಳ್ಳುತ್ತ ಮತ್ತೆ ಹೇಳಿದರು. "ಮೊದಲ ಮೊದಲ ಬ್ಯಾನಿಗೇ ತಗೊಂಡೆ ಹುಡುಗಿ. ಆಮ್ಯಾಲ ಅದನ್ನ ತಗೊಂಡ್ರ ಕೈ ನಡೀತಿತ್ತು. ಕೈ ನಡದ್ರ ಮಂದಿ ಅವ್ವಾ ಅಂತ ಬರತಿದ್ರು. ಕೈ ನಿಂತ್ರ ನನ್ನ ಯಾರ ಕೇಳ್ತಾರ ಅಂತ ಹೆದರಕಿ ಆಗತಿತ್ತು."

ಅಷ್ಟು ದಿನ ಗುಳಿಗೆಯ ಲೆಕ್ಕ ಹಿಡಿದು ಓಡಾಡುತ್ತಿದ್ದ ನನಗೆ, ಈ ಹೆಂಗಸು ಅದರಿಂದ ಹಿಡಿದಿಟ್ಟುಕೊಂಡಿದ್ದು ಏನನ್ನು ಎಂದು ಆಗ ತಿಳಿಯಿತು. ನನಗೆ ಚಂದದ ಮಾತು ಬರುವುದಿಲ್ಲ. "ಮಷೀನಿಗೆ ಉಪ್ಪು ಎಷ್ಟು ಹಾಕಬೇಕು ಅಂತ ಗೊತ್ತೈತೇನ್ರಿ? ಎಸರ ನೀವ ನೋಡಬೇಕು, ಬರ್ರಿ" ಎಂದು ಕರೆದುಕೊಂಡು ಹೋಗಿ ಒಲೆಯ ಮುಂದೆ ಸ್ಟೂಲ್ ಹಾಕಿ ಕೂರಿಸಿದೆ. ಹಿರೇಹಂದಿಗೋಳದಿಂದ ಬಂದ ಹೊಸ ಜೋಳದ ಹಿಟ್ಟನ್ನು ಅವರು ಎಡಗೈಯಲ್ಲಿ ಮುಟ್ಟಿ ನೋಡಿ, ಎಸರಿಗೆ ನೀರು ಸಾಲದು ಎಂದರು. ನಾದುವ ಕೆಲಸ ನನ್ನದಾಯಿತು, ನನ್ನನ್ನು ಬೈಯುವುದು ಅವರದಾಯಿತು.

ಉಣ್ಣುವವರೊಂದಿಗೂ ಮಾತಾಡಬೇಕಾಗಿತ್ತು. ಒಂದು ಮಧ್ಯಾಹ್ನ ಎಲ್ಲರೂ ಕುಳಿತಿದ್ದಾಗ ನಾನು ಬಡಿಸುವ ಸೌಟು ಕೈಯಲ್ಲಿ ಹಿಡಿದೇ ಹೇಳಿದೆ. "ಅತ್ತಿ ಏನ್ ಹೇಳಿದ್ರೂ ತಂದ ಕೊಡ್ರಿ, ಗುಳಿಗಿ ಮಾತ್ರ ಬ್ಯಾಡ. ರೊಟ್ಟಿ ಮಷೀನಿಂದು, ಸೇರಿದವರು ಉಣ್ರಿ, ಸೇರದವರಿಗೆ ಗದಗಿನ್ಯಾಗ ಬೇಕಾದಷ್ಟು ಖಾನಾವಳಿ ಅದಾವ." ನಮ್ಮ ಮನೆಯವರು ಗಲ್ಲಾದ ಹಿಂದೆ ಬೆವರಿದರು. ಯಾರೂ ಏಳಲಿಲ್ಲ. ಬಟ್ಟೆ ವ್ಯಾಪಾರಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಕಂಡಕ್ಟರ್ ಮಾತ್ರ ಕೈ ತೊಳೆದು, ಒಳಗೆ ಬಂದು ಅತ್ತೆಯ ಎದುರು ಕುಕ್ಕರಗಾಲಲ್ಲಿ ಕುಳಿತ.

"ಅವ್ವಾ, ನನಗ ತಿಳೀಲಿಲ್ಲ. ನೀ ಕೇಳಿದಿ, ನಾ ತಂದೆ."

"ನಿಂದೇನ್ ತಪ್ಪಲೇ" ಎಂದರು ಅತ್ತೆ. "ನಾಳೆ ಬದ್ನಿಕಾಯಿ ತಗೊಂಡ ಬಾ. ಬಲತದ್ದ ತಂದ್ರ ನಿನ್ನ ತಲಿಮ್ಯಾಲೆ ಒಡೀತೀನಿ." ಅವನು ನಗುತ್ತ ಕಣ್ಣೊರೆಸಿಕೊಂಡು ಬಸ್ಸಿಗೆ ಹೋದ.

ಗುಳಿಗೆ ಇಳಿಯುತ್ತ ಬಂತು. ಪ್ರತಿ ಸಲ ಇಳಿಸಿದಾಗಲೂ ನಾಲ್ಕು ದಿನ ಮನೆಯಲ್ಲಿ ಯಾರಿಗೂ ಸಮಾಧಾನವಿರುತ್ತಿರಲಿಲ್ಲ. ಚಳಿಗಾಲದಲ್ಲಿ ಒಮ್ಮೆ ನೋವು ಬಹಳ ಹೆಚ್ಚಾಗಿ ಅತ್ತೆ ಇನ್ನೊಂದು ಕೊಡು ಎಂದು ಬಾಯಿಬಿಟ್ಟು ಕೇಳಿದರು. ನಮ್ಮ ಮನೆಯವರು ಮುಖ ತಿರುಗಿಸಿ, "ಶುರುವಾತು ನೋಡು ಮತ್ತ" ಎಂದು ಗೊಣಗಿದರು. ಅದು ಅತ್ತೆಗೆ ಕೇಳಿಸಿತು. ನಾನು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೇಡ ಎಂದೂ ಅನ್ನಲಿಲ್ಲ, ಹೆಚ್ಚು ಕೊಡಿ ಎಂದೂ ಅನ್ನಲಿಲ್ಲ, ಕರೆದುಕೊಂಡು ಬನ್ನಿ ಎಂದರು. ಹೋದಾಗ ಭುಜದ ಕೀಲಿನೊಳಗೇ ಒಂದು ಸೂಜಿಮದ್ದು ಕೊಟ್ಟು, ವ್ಯಾಯಾಮ ಮಾಡಿಸುವ ಹುಡುಗಿಯ ಹತ್ತಿರ ಕಳಿಸಿದರು. ಗೋಡೆಗೆ ಬೆರಳು ಹಚ್ಚಿ ಮೇಲೆ ಮೇಲೆ ಹರಿದಾಡಿಸುವುದು, ಬಿಸಿನೀರಿನ ಶಾಖ ಕೊಡುವುದು, ತೋಳನ್ನು ಜೋತುಬಿಟ್ಟು ತೂಗಾಡಿಸುವುದು. ಅತ್ತೆ ಅಡುಗೆಮನೆಯ ಗೋಡೆಗೇ ಬೆರಳು ಹರಿದಾಡಿಸಿದರು. ಖಾರ ಮುಟ್ಟಿದ ಕೈಯ ಗುರುತು ಆ ಗೋಡೆಯ ಮೇಲೆ ತಿಂಗಳಿಂದ ತಿಂಗಳಿಗೆ ಮೇಲೇರಿತು. ನಾನು ಅದಕ್ಕೆ ಸುಣ್ಣ ಹೊಡೆಸಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಬಟ್ಟಲು ಖಾಲಿಯಾಯಿತು. ನಾನು ಬಟ್ಟಲನ್ನು ತೆಗೆಯಲಿಲ್ಲ, ಅದರಲ್ಲಿ ಶೇಂಗಾ ಚಟ್ನಿ ಬಡಿಸಿದೆ. ಒಂದು ಬೆಳಿಗ್ಗೆ ನಾನು ಬಾಚಣಿಕೆ ತೆಗೆದುಕೊಂಡು ಹೋದರೆ ಅತ್ತೆಯ ತುರುಬು ಆಗಲೇ ಕಟ್ಟಿತ್ತು. ಸೊಟ್ಟ ತುರುಬು, ಒಂದು ಮಗ್ಗುಲಿಗೆ ಜೋತಿತ್ತು. ಡಾಕ್ಟರ್ ಬಾಯಿಯವರು ಅದನ್ನು ಹಿಂದಿನಿಂದ ನೋಡಿ, ಚೆನ್ನಾಗಿದೆ ಎಂದು ನೇರ ಮುಖದಲ್ಲಿ ಸುಳ್ಳು ಹೇಳಿದರು. ಅತ್ತೆ ದವಾಖಾನೆಯಿಂದ ಬರುವ ದಾರಿಯಲ್ಲಿ ಆಟೋದವನಿಗೂ ಅದನ್ನು ತೋರಿಸಿದರು.

ಬಿತ್ತನೆಯ ಹೊತ್ತಿಗೆ ಮಾತ್ರ ನಮ್ಮಲ್ಲಿ ಉಣ್ಣಲು ಬರುವ ಶಿರಹಟ್ಟಿಯ ಬೀಜದ ವ್ಯಾಪಾರಿಯೊಬ್ಬರಿದ್ದಾರೆ. ಅವರಿಗೆ ಈ ಯಾವ ಸಂಗತಿಯೂ ಗೊತ್ತಿರಲಿಲ್ಲ. ಆ ಮುಂಗಾರಿಗೆ ಬಂದವರೇ, ಹಿಂದಿನ ವರ್ಷ ಅತ್ತೆ ಹೇಳಿದ್ದನ್ನು ನೆನಪಿಟ್ಟು ತಂದ ಸ್ಟ್ರಿಪ್ಪನ್ನು ಗೋಡೆಯ ಮೇಲಿಂದ ಅತ್ತೆಯ ಕೈಗೆ ಇಟ್ಟುಬಿಟ್ಟರು. ನಾನು ಪಲ್ಯದ ಬೋಗುಣಿ ಹಿಡಿದು ನಿಂತಲ್ಲೇ ನಿಂತೆ. ಗಲ್ಲಾದಲ್ಲಿದ್ದ ನಮ್ಮ ಮನೆಯವರೂ ನೋಡಿದರು, ಎದ್ದರು. ನಾನು ಕಣ್ಣಿನಲ್ಲೇ ಅವರನ್ನು ತಡೆದೆ.

ಅವತ್ತು ಮೋಡ ಕವಿದಿತ್ತು. ಇಂಥ ದಿನ ಅತ್ತೆಯ ಭುಜ ಬೆಳಿಗ್ಗೆಯಿಂದಲೇ ಕಾಡುತ್ತಿತ್ತು. ಅವರು ಸ್ಟ್ರಿಪ್ಪನ್ನು ಅಂಗೈಯಲ್ಲಿ ಹಿಡಿದು ನೋಡಿದರು, ಹೆಬ್ಬೆರಳಿನಿಂದ ಅದರ ಮೇಲೆ ಮೆಲ್ಲಗೆ ಸವರಿದರು. ಆಮೇಲೆ ಅವರು ಅದನ್ನು ಗೋಡೆಯ ಮೇಲೆ ವಾಪಸ್ ಇಟ್ಟರು.

"ಇದು ನನಗ ಬ್ಯಾಡ ತಮ್ಮಾ, ತಗೊಂಡ ಹೋಗಿ ಕೊಟ್ಟ ಬಿಡು. ನೀ ನೆನಪಿಟ್ಟು ತಂದಿ, ಅದ ಬಾಳ ಆತು. ಕುಂಡ್ರು, ಉಣ್ಣು."

ವ್ಯಾಪಾರಿ ಏನೂ ತಿಳಿಯದೆ ಅದನ್ನು ಚೀಲಕ್ಕೆ ಹಾಕಿಕೊಂಡರು. ಅತ್ತೆ ಒಲೆಯ ಕಡೆ ತಿರುಗಿ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ, ಯಾರನ್ನೂ ನೋಡದೆ, ಎಸರಿನ ಪಾತ್ರೆಯತ್ತ ಮುಖ ಮಾಡಿಯೇ ಹೇಳಿದರು.

"ಆದ್ರ ಇವತ್ತ ನೂಸಾಕತ್ತೈತಿ. ಸುಳ್ಳಲ್ಲ."

ಆ ಮಾತು ಯಾರಿಗೆ ಎಂದು ನನಗೆ ಗೊತ್ತಿತ್ತು. ವರ್ಷದ ಹಿಂದೆ ಮಡಿಲಿಗೆ ಇಳಿಸಿದ್ದ ಎಡಗೈಯನ್ನು ಅವರು ಮತ್ತೆ ಬಲಭುಜದ ಮೇಲೆ ಇಟ್ಟುಕೊಂಡಿದ್ದರು. ನಮ್ಮ ಮನೆಯವರು ಗಲ್ಲಾ ಬಿಟ್ಟು ಒಳಗೆ ಬಂದರು. ಶಾಖದ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿದರು, ಅರಿವೆ ಸುತ್ತಿದರು, ಸ್ಟೂಲಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಹೊರಗೆ ಮಂದಿ ರೊಟ್ಟಿ ರೊಟ್ಟಿ ಎಂದು ಕೂಗುತ್ತಿದ್ದರು, ನಾನು ಕದಲಲಿಲ್ಲ.

"ಎಲ್ಲೆ ನೂಸತೈತಿ ಬೇ?" ಎಂದು ಅವರು ಕೇಳಿದರು.

ಅತ್ತೆ ಮಗನ ಕೈ ಹಿಡಿದು ಜಾಗ ತೋರಿಸಿದರು.